ಮಾತ್ರೆ ನುಂಗಿದವಳ ಹಾಲು

ರೀ,

ಜ್ವರ ಇನ್ನೂ ಇಳಿದಿಲ್ಲ. ಡಾಕ್ಟರು ಕೊಟ್ಟ ಪ್ಯಾರಾಸಿಟಮಾಲ್ ನುಂಗಿದ್ದೇನೆ. "ಹೇಳಿದಷ್ಟೇ ತಗೊಳ್ಳಿ, ಬೇರೆ ಮಾತ್ರೆ ಸೇರಿಸಬೇಡಿ. ಹಾಲು ಕುಡಿಸೋದು ಮಾತ್ರ ನಿಲ್ಲಿಸಬೇಡಿ" ಅಂತ ಅವರು ನಿಮ್ಮೆದುರೇ ಹೇಳಿದರು. ಆದರೂ ಅತ್ತೆ, "ಮಾತ್ರೆ ನುಂಗಿದೋಳ ಹಾಲು ವಿಷ ಕಣೇ" ಅಂತ ನಿನ್ನೆಯಿಂದ ಮಗುವನ್ನು ನನ್ನ ಕೈಗೆ ಕೊಟ್ಟಿಲ್ಲ. ಇರುವ ಒಂದೇ ಕೋಣೆಯಲ್ಲಿ ಅದು ಪರದೆಯಾಚೆ ಅಳುತ್ತದೆ. ಈಚೆ ನನ್ನ ಎದೆ ಕಲ್ಲಾಗಿದೆ, ಸೆರಗು ನೆನೆಯುತ್ತಿದೆ. ನೀವು ಪೇಪರ್ ಓದುತ್ತಾ ಕೂರುತ್ತೀರಿ.

ಈಗ ನೀವು ಕೆಲಸಕ್ಕೆ ಹೋಗಿದ್ದೀರಿ, ಅತ್ತೆ ನೀರು ಹಿಡಿಯಲು ಕೆಳಗೆ ಹೋಗಿದ್ದಾರೆ. ಮಗುವನ್ನು ಎತ್ತಿಕೊಂಡು ದಾದರ್‌ಗೆ, ಅಕ್ಕನ ಮನೆಗೆ ಹೊರಟಿದ್ದೇನೆ. ಅನ್ನ ಆಗಿದೆ, ಸಾರು ಬಿಸಿ ಮಾಡಿಕೊಳ್ಳಿ.

ಅಲ್ಲೂ ಹೆಚ್ಚು ದಿನ ಇರಲಾಗದು, ಭಾವ ಏನಂದುಕೊಳ್ಳುತ್ತಾರೋ. ಜ್ವರ ಬಿಟ್ಟ ಮೇಲೆ ಇಲ್ಲಿಗೇ ಬರಬೇಕು. ಅಷ್ಟರೊಳಗೆ ಅತ್ತೆಯ ಹತ್ತಿರ ಒಂದು ಮಾತಾಡಿ. ನಾನು ಆಡಿದರೆ ಅದು ಎದುರುತ್ತರವಾಗುತ್ತದೆ.

ಶಾಮಲಾ