ಕುತ್ತಿಗೆಯ ಮೇಲಿನ ಕೈ

ತೊರಗಲ್
೧೮ ಫೆಬ್ರವರಿ ೨೦೨೪

ಗೆಳೆಯ ನಿಜಾಮಸಾಬನಿಗೆ ಸಂಗಪ್ಪನ ಸಲಾಮು.

ನನ್ನ ಮಗನ ಕುತ್ತಿಗೆ, ನಿನ್ನ ಮಗನ ಮೂರು ಹಲ್ಲು, ನಿನ್ನ ಟಂಟಂ ಗಾಡಿಯ ಗಾಜು, ನಿನ್ನ ಕುಸ್ತಿ ತಾಲೀಮಿನ ಬಾಗಿಲು. ಆ ಒಂದು ಕುಸ್ತಿಗೆ ಊರು ತೆತ್ತದ್ದು ಇಷ್ಟು. ಬರೆಯಲು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇಷ್ಟು ದಿನ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದೆವು. ಮೊನ್ನೆ ಮಹಾದೇವನನ್ನು ಮನೆಗೆ ತಂದೆವು. ಬಾಯಿ ಇದೆ, ಕಣ್ಣಿದೆ. ಅದರ ಕೆಳಗೆಲ್ಲ ಗೋಣಿಚೀಲ. ಹತ್ತಿಯ ಚೀಲ ಹೊತ್ತು ಹೊತ್ತು ದಲಾಲನಾದವನು ನಾನು, ಈ ಭಾರಕ್ಕೆ ಮಾತ್ರ ಹೆಗಲು ಸಾಲದು.

ನೀನು ಕಿತ್ತೂರಿನಲ್ಲಿ ಮಗಳು ಫಿರದೋಸಳ ಮನೆ ಸೇರಿದ್ದೀಯೆಂದು ಕೇಳಿದೆ. ಒಂದೇ ತಾಲೀಮಿನ ಹುಡುಗರು, ನನ್ನ ಮಹಾದೇವ ನಿನ್ನ ಅಮೀರನನ್ನು ಎದುರುಬದುರು ಬಿಡಬಾರದೆಂದು ಸಿಟ್ಟಾಗಿ ಅವತ್ತು ಕಣಕ್ಕೇ ಬರಲಿಲ್ಲ ನೀನು. ಅದಕ್ಕೇ ಕಂಡದ್ದನ್ನು ಬರೆಯುತ್ತೇನೆ.

ಗೆದ್ದವನಿಗೆಂದು ಬೆಳ್ಳಿ ಗದೆ ಕೊಟ್ಟವನು ನಾನು. ಗದೆ ಒಂದೇ, ಆದ್ದರಿಂದ ಸಮ ಎನ್ನುವ ತೀರ್ಪು ಬೇಡ ಎಂದವನೂ ನಾನೇ. ನೀನು ಅಂದಿದ್ದೆ: "ಸಂಗಣ್ಣಾ, ಕುಸ್ತಿ ಆಡಾವ್ರಿಗೆ ನಾವು ಜೋಡಿ ಅಂತೀವಿ. ಗೆದ್ದಾವ ಅಂತ ಒಬ್ಬಾವ್ಗ ಹೆಸರಿಟ್ಟ ಕೂಡ್ಲೆ ಮಗ್ಗಲಕ ಸೋತಾವ ಹುಟ್ಟತಾನ. ಹೆಸರ ಇಡೂಮಟಾ ಇಬ್ರೂ ಹುಡುಗ್ರ." ಫಕೀರನಾಗು ಹೋಗು ಎಂದು ನಕ್ಕುಬಿಟ್ಟೆ.

ಅರ್ಧ ತಾಸಾದರೂ ಯಾರ ಬೆನ್ನಿಗೂ ಮಣ್ಣು ಹತ್ತಲಿಲ್ಲ. ರೂಢಿಯಂತೆ ಪಂಚರು ಇಬ್ಬರ ಕೈಯನ್ನೂ ಎತ್ತಬೇಕಿತ್ತು. ನನ್ನ ಮುಖ ನೋಡಿದರು. ನಾನು ತಲೆಯಾಡಿಸಿ ಬೇಡವೆಂದೆ. ಅಮೀರನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿದಿತ್ತು. ಮಹಾದೇವ ಅದೇ ಕಣ್ಣಿಗೆ ಮೊಣಕೈ ಕೊಟ್ಟು, ತಲೆ ತಗ್ಗಿಸಿ ಗೂಳಿಯ ಹಾಗೆ ನುಗ್ಗಿದ. ಅಮೀರ ಮೈ ಸಡಿಲ ಬಿಟ್ಟ. ಗಟ್ಟಿಯಾಗಿ ಬಂದವನಿಗೆ ಮೆತ್ತಗಾಗು ಎಂದು ನೀನೇ ಕಲಿಸಿದ್ದು. ಗುದ್ದಲು ಏನೂ ಸಿಗದೆ ನನ್ನ ಮಗ ತನ್ನ ರಭಸಕ್ಕೆ ತಾನೇ ತಲೆಕೆಳಗಾದ. ಹಸಿ ಕಬ್ಬು ಮುರಿದ ಸದ್ದು ಬಂತು.

ಇಬ್ಬರೂ ಕೂಡಿಯೇ ಬಿದ್ದರು. ಮಹಾದೇವನ ಬೆನ್ನನ್ನು ಮಣ್ಣಿಗೆ ಹೊರಳಿಸಿದ್ದರೆ ಗದೆ ಅಮೀರನದು. ಹೊರಳಿಸಲಿಲ್ಲ. ತಾನೇ ಅಂಗಾತನಾಗಿ ಎರಡೂ ಭುಜ ಮಣ್ಣಿಗೆ ಹಚ್ಚಿ, ಎದೆಯ ಮೇಲಿದ್ದ ಮಹಾದೇವನ ಕುತ್ತಿಗೆಯನ್ನು ಅಲುಗದಂತೆ ಹಿಡಿದ. ಮಹಾದೇವ ಗೆದ್ದನೆಂದು ಪಂಚರು ಸಾರಿದರು. ಅವರು ಎತ್ತಿದ ಅವನ ಕೈ, ಬಿಟ್ಟೊಡನೆ ದೊಪ್ಪನೆ ಬಿತ್ತು.

ಆಗ ಜನಕ್ಕೆ ಕಂಡದ್ದು ಕುತ್ತಿಗೆಯ ಮೇಲಿನ ಕೈ. "ಹಿಚುಕಾಕತ್ತಾನ ಅಂವಾ" ಎಂದವನು ನನ್ನ ಅಕ್ಕನ ಮಗ ಗುರುನಾಥ. ಅವನು ಹೆಸರಿಟ್ಟ, ಉಳಿದದ್ದನ್ನು ಬಡಿಗೆಗಳು ನೋಡಿಕೊಂಡವು. ಅಮೀರನ ಬಾಯಿಗೆ ಬೂಟಿನಿಂದ ಒದ್ದರು, ಪಕ್ಕೆಗೆ ತಿವಿದರು. ನಾನು ಕೂಗಿದ್ದು ಯಾರಿಗೂ ಕೇಳಲಿಲ್ಲ. ಹಲ್ಲು ಉದುರಿದವು, ಕೈ ಸಡಿಲಲಿಲ್ಲ. ಸ್ಟ್ರೆಚರ್ ಬಂದ ಮೇಲೇ ಬಿಟ್ಟ. ಆ ಕೈ ಇರದಿದ್ದರೆ ಹುಡುಗ ಅಲ್ಲೇ ಹೋಗುತ್ತಿದ್ದ ಎಂದರು ಡಾಕ್ಟರು.

ಕುತ್ತಿಗೆ ಮುರಿದದ್ದು ಹಲ್ಲೆಯೋ ಅಪಘಾತವೋ, ಒಂದನ್ನು ಹೇಳು ಎಂದು ಪೊಲೀಸರು ಕುಂತರು. ಅಪಘಾತವೆಂದೆ. ಆ ಕೈಗೆ ಏನನ್ನಬೇಕೆಂದು ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅಮೀರನನ್ನು ಬಡಿದು, ನಿನ್ನ ಗಾಡಿ, ತಾಲೀಮು ಒಡೆದವರು ಯಾರೆಂದಾಗ ಮೊದಲು ಗುರುನಾಥನನ್ನೇ ತೋರಿಸಿದೆ. ಅಂದಿನಿಂದ ಅಕ್ಕ ಶಟ್ಟೆವ್ವ ನಮ್ಮ ಹೊಸ್ತಿಲು ತುಳಿದಿಲ್ಲ.

ಅಮೀರನನ್ನು ಕರೆದುಕೊಂಡು ಬಾ. ಅವನ ಗಾಯ ಬೇಗ ಮಾಯಲಿ, ಫಿರದೋಸಳ ಮಕ್ಕಳಿಗೆ ಆಯುಷ್ಯ ಗಟ್ಟಿಯಿರಲಿ.

ನಿನ್ನ
ಸಂಗಪ್ಪ

ತಾ.ಕ.: ಮಹಾದೇವ ನೋವಿನ ಮಾತೇ ಎತ್ತುವುದಿಲ್ಲ. ಒಂದೇ ಕೇಳುತ್ತಾನೆ: "ಅಪ್ಪಾ, ಅಂವಾ ಸೋತನೋ, ನನ್ನ ಸಲುವಾಗಿ ಮಕ್ಕೊಂಡನೋ?" ನೀನೇ ಗೆದ್ದಿ ಎಂದೆ. ನನ್ನ ಮುಖಕ್ಕೆ ಉಗುಳಿದ. ಅವನಲ್ಲಿ ಉಳಿದ ಹೊಡೆತ ಅದೊಂದೇ. ನಿಜ ಗೊತ್ತಿರುವುದು ಅಮೀರನಿಗೆ. ಹೇಳಲಾಗದಿದ್ದರೆ ಬೇಡ, ಸುಮ್ಮನೆ ಮಗ್ಗುಲಲ್ಲಿ ಕುಂತು ಹೋಗಲಿ.

ಕಡೆಯ ಲೆಕ್ಕ ಇಷ್ಟು: ಊರಿಗೆ ಒಬ್ಬ ಗೆದ್ದವನು ಸಿಕ್ಕ. ಅಮೀರನಿಗೆ ಏಟು ಸಿಕ್ಕವು. ನನ್ನ ಗದೆ ನನ್ನ ಮನೆಗೇ ಬಂತು. ಮಹಾದೇವನಿಗೆ ಏನು ಸಿಕ್ಕಿತೆಂದು ಇನ್ನೂ ಗೊತ್ತಿಲ್ಲ.