ಎಪ್ಪತ್ತೊಂದನೆಯ ಪುಟದಲ್ಲಿದ್ದ ನಮ್ಮ ಬೀದಿ

ಕುಡಿಯುವ ನೀರಿನ ವರದಿಗೆ ಸಹಿ ಹಾಕುವ ಅಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಮೇ ತಿಂಗಳ ವರದಿಯನ್ನು ನಾನು ಓದಿದೆ. ಓದಿದ್ದರಿಂದಲೇ ನನ್ನ ಹೆಂಡತಿ ರಮಾಮಣಿ ತೀರಿಕೊಂಡಳು. ಹೇಗೆಂಬುದನ್ನು ನಾಲ್ಕು ಜನ ಕೇಳುವಂತೆ ತಮಗೆ ತಿಳಿಸಬೇಕಾಗಿದೆ.

ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು. ಸರಾಸರಿ ಮೂರಡಿ ಆಳದ ಕೆರೆಯಲ್ಲಿ ಆರಡಿಯವನು ಮುಳುಗಿ ಸತ್ತ ಕಥೆಯನ್ನು ಪ್ರತಿ ವರ್ಷ ಮೊದಲನೆಯ ತರಗತಿಯಲ್ಲೇ ಹೇಳುತ್ತಿದ್ದೆ, ಹುಡುಗರು ನಗುತ್ತಿದ್ದರು. ಆದರೂ ತಮ್ಮ ಎಂಬತ್ತಾರು ಪುಟಗಳ ಇಂಗ್ಲಿಷ್ ವರದಿಯನ್ನು ಕಂಪ್ಯೂಟರಿನಲ್ಲಿ ತೆರೆದಾಗ ಮೂರನೆಯ ಪುಟಕ್ಕೇ ನಿಂತುಬಿಟ್ಟೆ. ಅಲ್ಲಿ ಹಸಿರು ಬಣ್ಣದ ದೊಡ್ಡ ಚಕ್ರವೊಂದಿತ್ತು, ಊರಿನ ನೀರು ಶೇಕಡ ತೊಂಬತ್ತೆಂಟು ತೃಪ್ತಿಕರ ಎಂದಿತ್ತು. ನನಗೂ ತೃಪ್ತಿಯಾಯಿತು.

ರಮಾಮಣಿ ಮದುವೆಯಾಗಿ ಬಂದ ದಿನದಿಂದ ನೀರು ಕಾಯಿಸಿ, ಆರಿಸಿ, ಸೋಸಿ ಕೊಡುತ್ತಿದ್ದವಳು. "ತೊಂಬತ್ತೆಂಟು ಪರ್ಸೆಂಟ್ ಕಣೇ, ಸುಮ್ನೆ ಯಾಕೆ ಗ್ಯಾಸ್ ಸುಡ್ತೀಯಾ?" ಎಂದೆ. "ಕಾಯಿಸಿದ್ರೆ ನಿಮ್ಮ ಗಂಟೇನು ಹೋಗತ್ತೆ ರೀ?" ಎಂದಳು. ನಾನು ಚಕ್ರ ತೋರಿಸಿದೆ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು ಎಂದು ನಕ್ಕು, ನೀರು ಕಾಯಿಸುವ ತಪ್ಪಲೆಯನ್ನು ಅಟ್ಟಕ್ಕೆ ಹಾಕಿದಳು.

ಒಂಟಿಕೊಪ್ಪಲಿನ ನಮ್ಮ ಬೀದಿಗೆ ವರ್ತನೆ ಹೂವು ಕೊಡುವವರು ಪುಟ್ಟಲಿಂಗಮ್ಮ. ಬೆಳಿಗ್ಗೆ ಆರಕ್ಕೆಲ್ಲ ಬುಟ್ಟಿ ಹೊತ್ತು ಬಂದು ಮನೆಮನೆಗೆ ಒಂದೊಂದು ಮೊಳ ಕೊಟ್ಟು ಹೋಗುತ್ತಾರೆ. ಅವರಿಗೆ ಓದು ಬರಹ ಬಾರದು. ಜೂನ್ ತಿಂಗಳ ಒಂದು ಬೆಳಿಗ್ಗೆ ರಮಾಮಣಿಗೆ ಅವರು ಹೇಳುತ್ತಿದ್ದುದು ಪೇಪರ್ ಓದುತ್ತಿದ್ದ ನನ್ನ ಕಿವಿಗೂ ಬಿತ್ತು.

"ಈ ಬೀದೀಲಿ ಏನೋ ಆಗೈತೆ ಕಣ್ರವ್ವಾ. ನಿಮ್ ಸಾಲಲ್ಲಿ ಐದು ಬಾಗ್ಲಿಗೆ ರಂಗೋಲಿ ಇಲ್ಲ. ಎಲ್ಲಾರ್ ಮನೇಲೂ ಹೆಂಗಸ್ರು ಕಾಮಾಲೆ ಅಂತ ಮಲಗ್ಬುಟ್ಟವ್ರೆ. ಎದುರು ಸಾಲಲ್ಲಿ ನೋಡಿ, ಒಂದ್ ಬಾಗ್ಲೂ ತಪ್ಪಿಲ್ಲ. ಆ ಸಾಲಿಗೆ ಬ್ಯಾರೆ ಪೈಪಂತೆ. ನೀರ್ ಒಸಿ ನೋಡ್ಸಿ."

ಒಳಗಿನಿಂದಲೇ ನಾನು ಕೂಗಿ ಹೇಳಿದೆ: "ಐದು ಮನೆ ಲೆಕ್ಕಕ್ಕೆ ಸಾಲದು ಕಣಮ್ಮ, ಸ್ಯಾಂಪಲ್ ಸಣ್ಣದು." ಪುಟ್ಟಲಿಂಗಮ್ಮ "ಅಂಗಂತೀರಾ ಸ್ವಾಮಿ?" ಎಂದು ಬುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ಹೋದರು.

ಎಂಟನೆಯ ದಿನ ಆರನೆಯ ಬಾಗಿಲು ನಮ್ಮದಾಯಿತು. ರಮಾಮಣಿಗೆ ಮೊದಲೇ ಸಕ್ಕರೆ ಕಾಯಿಲೆ ಇತ್ತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಐದನೆಯ ದಿನ, "ಮನೇಲಿ ನೀರು ಕಾಯಿಸ್ಕೊಂಡು ಕುಡೀತಿದೀರಾ?" ಎಂದು ಕೇಳಿದಳು. ಹೂಂ ಎಂದೆ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ತಮ್ಮ ವರದಿಯನ್ನು ಮತ್ತೆ ತೆರೆದು ಕೊನೆಯವರೆಗೂ ಓದಿದೆ. ಎಪ್ಪತ್ತೊಂದನೆಯ ಪುಟದಲ್ಲಿ ನಮ್ಮ ಸಾಲಿನ ಪೈಪು ಸಿಕ್ಕಿತು. ಅದಕ್ಕೆ ಬೀದಿಯ ಹೆಸರಿಲ್ಲ, ನಮ್ಮ ನೀರಿನ ಬಿಲ್ಲಿನ ಮೂಲೆಯಲ್ಲಿರುವ ಸಂಕೇತ ಸಂಖ್ಯೆಯಷ್ಟೇ ಇದೆ. ಅದರ ಮುಂದೆ ಕ್ಲೋರಿನ್ ಸೊನ್ನೆ, ರೋಗಾಣು ಇದೆ ಎಂದು ಸ್ಪಷ್ಟವಾಗಿ ಬರೆದಿದ್ದೀರಿ. ಅಕ್ಷರ ಎಳ್ಳುಕಾಳಿನಷ್ಟಿತ್ತು. ತಮ್ಮ ಕಚೇರಿಗೆ ಬಂದು ಕೇಳಿದಾಗ ತಾವು ಬಹಳ ಮರ್ಯಾದೆಯಿಂದ, "ಎಲ್ಲಾ ವೆಬ್‌ಸೈಟಲ್ಲಿದೆ ಸರ್, ನಾವೇನೂ ಮುಚ್ಚಿಟ್ಟಿಲ್ಲ" ಎಂದಿರಿ. ನಿಜ, ಮುಚ್ಚಿಡಲಿಲ್ಲ. ಆದರೆ ಯಾರಿಗೆ ಹೇಳಿದಿರಿ? ಬಾವಿ ತೋಡಿ ಹಗ್ಗ ಕೊಡದವನೂ ನೀರು ಮುಚ್ಚಿಟ್ಟಿಲ್ಲ ಎನ್ನಬಹುದಲ್ಲವೇ?

ಅಂಕಿ ಅಂಶಗಳನ್ನು ಕಥೆಯಂತೆ ಹೇಳುವುದು ಹೇಗೆ ಎಂದು ತಮ್ಮ ಕಚೇರಿ ಕಳೆದ ತಿಂಗಳು ಹೋಟೆಲೊಂದರಲ್ಲಿ ಎರಡು ದಿನದ ಕಾರ್ಯಾಗಾರ ನಡೆಸಿತೆಂದು ಪತ್ರಿಕೆಯಲ್ಲಿ ಓದಿದೆ. ಆ ಹಸಿರು ಚಕ್ರವನ್ನೇ ಅಲ್ಲಿ ಮಾದರಿಯೆಂದು ತೋರಿಸಿದರಂತೆ. ಸಂತೋಷ. ಅದೂ ಒಂದು ಕಥೆಯೇ, ಎಲ್ಲರೂ ಕ್ಷೇಮ ಎಂಬ ಕಥೆ. ಪುಟ್ಟಲಿಂಗಮ್ಮ ಯಾವ ಕಾರ್ಯಾಗಾರಕ್ಕೂ ಹೋಗದೆ ಯಾವ ಬೀದಿ, ಯಾವ ಸಾಲು, ಏನು ಮಾಡಬೇಕು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿದ್ದರು. ಅವರ ಮಾತನ್ನು ತಳ್ಳಿಹಾಕಿದ ಪಂಡಿತ ನಾನು. ಹಾಗಾಗಿ ಈ ಪತ್ರದ ಅರ್ಧ ವಿಳಾಸ ನನ್ನದೇ.

ನನಗೆ ತಮ್ಮ ಮೇಲೆ ಸಿಟ್ಟು ಬರುತ್ತಿಲ್ಲ. ಬರಬೇಕಿತ್ತು. ಅಳುವೂ ಬಂದಿಲ್ಲ. ಅಟ್ಟದ ಮೇಲಿದ್ದ ತಪ್ಪಲೆಯನ್ನು ಇಳಿಸಿ ದಿನವೂ ಇಬ್ಬರಿಗಾಗುವಷ್ಟು ನೀರು ಕಾಯಿಸುತ್ತೇನೆ, ಸಂಜೆ ಉಳಿದದ್ದನ್ನು ತುಳಸಿ ಗಿಡಕ್ಕೆ ಹಾಕುತ್ತೇನೆ.

ಕೇಳುವುದು ಇಷ್ಟೇ. ಮುಂದಿನ ವರದಿ ಬರುವ ದಿನವೇ ಪ್ರತಿ ಬೀದಿಯ ಮೂಲೆಯಲ್ಲೂ ಒಂದು ಹಲಗೆ ನಿಲ್ಲಿಸಿ. ಆ ಬೀದಿಯ ನಕ್ಷೆ ಬರೆಸಿ, ನೀರು ಕೆಟ್ಟ ಸಾಲಿಗೆ ಕೆಂಪು ಬಳಿಸಿ, ಕೆಳಗೆ ದಪ್ಪ ಕನ್ನಡದಲ್ಲಿ "ಕಾಯಿಸಿ ಕುಡಿಯಿರಿ" ಎಂದು ಬರೆಸಿ. ಸಹಿ ಹಾಕುವ ಮುಂಚೆ ಅದನ್ನು ಪುಟ್ಟಲಿಂಗಮ್ಮನವರಿಗೆ ತೋರಿಸಿ. ಅವರಿಗೆ ತಿಳಿದರೆ ಊರಿಗೆ ತಿಳಿದಂತೆ. ನನಗೆ ತೋರಿಸಬೇಡಿ, ನಾನು ಮತ್ತೆ ಮೂರನೆಯ ಪುಟ ಹುಡುಕಿಯೇನು.

ಅವರು ಈಗಲೂ ಬೆಳಿಗ್ಗೆ ಆರಕ್ಕೆ ಬರುತ್ತಾರೆ. ಫೋಟೋಗೆಂದು ಒಂದು ಮೊಳ ಕೊಟ್ಟು, ನಮ್ಮ ಬರಿಯ ಹೊಸ್ತಿಲನ್ನು ನೋಡಿ, ಮುಂದಿನ ಮನೆಗೆ ಹೋಗುತ್ತಾರೆ. ಉಳಿದ ಐದು ಮನೆಗಳ ಮುಂದೆ ರಂಗೋಲಿ ಮತ್ತೆ ಬಿದ್ದಿದೆ.

ಇಂತಿ,
ತಮ್ಮ ತೊಂಬತ್ತೆಂಟನ್ನು ನಂಬಿ ಉಳಿದ ಎರಡರಲ್ಲಿ ವಾಸವಿರುವ
ಗೋವಿಂದರಾಜು
ಸಂಖ್ಯಾಶಾಸ್ತ್ರದ ನಿವೃತ್ತ ಮೇಷ್ಟ್ರು, ಮೈಸೂರು