ಗಾರ್ವಿ ಮನೆಯ ಸಾಕುಮಗ

ಅಪ್ಪಾ,

ನಮ್ಮ ಮನೆ ಸುಟ್ಟವರು ಗಾರ್ವಿಗಳು ಎನ್ನುತ್ತಲೇ ನೀನು ನಮ್ಮನ್ನು ಬೆಳೆಸಿದೆ. ಒಲೆಗೆ ಉರಿಸುವ ಜೌಗುಮಣ್ಣು ಕಡಿಯುವ ಸಲಿಕೆಯಿಂದ ನೀನು ಫಿಂಟನ್ ಗಾರ್ವಿಯ ಕಣ್ಣನ್ನೇ ಒಡೆದು ಹಾಕಿದೆ.

ಇವತ್ತು ಊರಿನ ಚರ್ಚಿನ ದಾಖಲೆ ನೋಡಿದೆ. ನಿನ್ನಪ್ಪನ, ನಮ್ಮ ತಾತನ, ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತು ಜ್ಞಾನತಾಯಿಯಾಗಿ ನಿಂತವಳು ಫಿಂಟನ್‌ನ ಅಜ್ಜಿ ಹೊನೋರಾ. ನಮ್ಮ ಮನೆಗೆ ಬೆಂಕಿ ಬಿದ್ದ ಮರುವರ್ಷದ, ೧೯೧೧ರ ಜನಗಣತಿಯಲ್ಲಿ ಅವಳ ಮಕ್ಕಳ ಕೆಳಗೆ ತಾತನ ಹೆಸರಿದೆ: ಸಾಕುಮಗ, ನಾಲ್ಕು ವರ್ಷ.

ಎರಡರ ಪ್ರತಿಯನ್ನೂ ಹಿಡಿದು ಫಿಂಟನ್ ಮನೆಗೆ ಓಡಿದೆ. ಮುದುಕ ಒಂಟಿಕಣ್ಣಲ್ಲಿ ಓದಿ ನಕ್ಕ.

"ಬಾರಮ್ಮಾ, ನಮ್ಮನೆ ಆಲೂಗಡ್ಡೆ ತಿಂದು ಬೆಳೆದವನ ಮೊಮ್ಮಗಳೇ! ಇದನ್ನೇ ಹೇಳೋಕೆ ಅವತ್ತು ನಿಮ್ಮಪ್ಪನ ಹತ್ರ ಬಂದಿದ್ದೆ."

"ಹೇಳೋಕೆ ಮುಂಚೇನೇ ಹೊಡೆದುಬಿಟ್ನಾ?" ಬೇಡಿಕೊಂಡ ಹಾಗೆ ಕೇಳಿದೆ, ಅಪ್ಪಾ.

"ಇಲ್ಲ. ಪೂರ್ತಿ ಕೇಳಿಸ್ಕೊಂಡ. ಆಮೇಲೆ ಸಲಿಕೆ ಎತ್ತಿದ."